ಮಕ್ಕಳ ಗಣಿತಸ್ಪರ್ಧೆಯೂ ಮನೆಯ ಮಾತೂ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಉತ್ಸವದಲ್ಲಿ ಕಾವ್ಯದ ಮಾತು, ಗಡಿಯ ಮಾತು ವರ್ಷವರ್ಷವೂ ನಡೆಯುತ್ತವೆ. ಈ ಸಲ ಲೆಕ್ಕದ ಮಾತಿಗೂ ಸ್ವಲ್ಪ ಎಡೆಮಾಡಿಕೊಟ್ಟ ಕಾರ್ಯಕರ್ತರಿಗೆ ನಾನು ಋಣಿಯಾಗಿದ್ದೇನೆ. ಆರು, ಏಳು, ಎಂಟನೆಯ ಇಯತ್ತೆಯ ಮಕ್ಕಳಿಗಾಗಿ ಈಗ ನಾನಾ ಕಡೆಗಳಲ್ಲಿ ಗಣಿತಸ್ಪರ್ಧೆಗಳು ನಡೆಯುತ್ತಿವೆ. "ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹುಡುಗ ಅಲ್ಲಿ ನಿಲ್ಲಬಲ್ಲನೆ?" ಎಂದು ಪಾಲಕರು ಕೇಳುತ್ತಾರೆ. ಕೆಲವರು ಕೇಳುವ ಗೊಡವೆಗೂ ಹೋಗದೆ ಮಗುವನ್ನು ಬೇರೆ ಮಾಧ್ಯಮದ ಶಾಲೆಗೆ ಸೇರಿಸಿಬಿಡುತ್ತಾರೆ. ಅವರ ಚಿಂತೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ಸ್ಪರ್ಧೆಗಳಲ್ಲಿ ಕೇಳುವುದೇನೆಂಬುದನ್ನು ಮೊದಲು ನೋಡೋಣ.

ಜಾತ್ರೆಯ ಕುಸ್ತಿಗೆ ೫೩ ಮಂದಿ ಪೈಲವಾನರು ಬಂದಿದ್ದಾರೆ ಎನ್ನಿ. ಸೋತವನು ಕಣದಿಂದ ಹೊರಗೆ, ಗೆದ್ದವನು ಮುಂದಿನ ಸುತ್ತಿಗೆ. ಜೋಡಿ ದೊರೆಯದವನು ಆ ಸುತ್ತಿನಲ್ಲಿ ಆಡದೆಯೇ ಮುಂದೆ ಸಾಗುತ್ತಾನೆ. ಯಾವ ಕುಸ್ತಿಯೂ ಸಮಸಮವಾಗಿ ಮುಗಿಯುವುದಿಲ್ಲ. ಕಡೆಗೆ ಒಬ್ಬನೇ ಉಳಿಯಬೇಕಾದರೆ ಒಟ್ಟು ಎಷ್ಟು ಕುಸ್ತಿಗಳಾಗಬೇಕು?

ಶ್ರಮಜೀವಿಯಾದ ಹುಡುಗ ಸುತ್ತು ಸುತ್ತಾಗಿ ಎಣಿಸುತ್ತಾನೆ. ಮೊದಲ ಸುತ್ತಿನಲ್ಲಿ ೨೬ ಕುಸ್ತಿ, ಉಳಿದವರು ೨೭. ಆಮೇಲೆ ೧೩, ಆಮೇಲೆ ೭, ಹೀಗೆಯೇ ೩, ೨, ೧. ಕೂಡಿಸಿದರೆ ೫೨. ಉತ್ತರ ಸರಿಯಾಗಿಯೇ ಇದೆ. ಇನ್ನೊಬ್ಬಳು ಹುಡುಗಿ ಲೇಖಣಿಯನ್ನು ಮುಟ್ಟದೆ, "ಗೆಲ್ಲುವವನು ಒಬ್ಬ; ಸೋಲಬೇಕಾದವರು ೫೨. ಒಂದೊಂದು ಕುಸ್ತಿಯಲ್ಲಿಯೂ ಸೋಲುವವನು ಒಬ್ಬನೇ" ಎನ್ನುತ್ತಾಳೆ. ಅವಳ ಲೆಕ್ಕ ಮುಗಿಯಿತು! ಸಾವಿರ ಮಂದಿ ಬಂದರೂ ಅವಳಿಗೆ ಆಯಾಸವಿಲ್ಲ, ೯೯೯. ನಾವೆಲ್ಲ ಗೆದ್ದವನನ್ನೇ ನೋಡುತ್ತ ಕುಳಿತಾಗ ಅವಳು ಸೋತವರ ಕಡೆ ಕಣ್ಣು ಹೊರಳಿಸಿದಳು. ಪಠ್ಯಪುಸ್ತಕದ ಯಾವ ಸೂತ್ರವೂ ಇಲ್ಲಿ ಬೇಕಾಗಲಿಲ್ಲ. ಈ ವಯಸ್ಸಿನವರ ಸ್ಪರ್ಧೆಗಳಲ್ಲಿ ಒಳ್ಳೆಯ ಪ್ರಶ್ನೆಗಳು ಬಹುಮಟ್ಟಿಗೆ ಈ ಜಾತಿಯವೇ.

ಇಂತಹ ಸ್ಪರ್ಧೆಗಳಿಗೆ ಹಳೆಯ ಮನೆತನವಿದೆ. ಹಂಗೇರಿ ದೇಶದಲ್ಲಿ ೧೮೯೪ರಲ್ಲಿಯೇ ಶಾಲೆ ಮುಗಿಸಿದ ಹುಡುಗರಿಗೆ ಗಣಿತಸ್ಪರ್ಧೆಯೊಂದು ಪ್ರಾರಂಭವಾಯಿತು. ಅದೇ ವರ್ಷ ದಾನಿಯೆಲ್ ಅರಾನ್ಯಿ ಎಂಬ ಶಾಲಾಮಾಸ್ತರರು ಅಲ್ಲಿನ ಪ್ರೌಢಶಾಲೆಯ ಮಕ್ಕಳಿಗೆಂದು ಗಣಿತದ ಮಾಸಪತ್ರಿಕೆಯನ್ನು ತೆಗೆದರು. ಮುಂದೆ ವಿಮಾನಶಾಸ್ತ್ರದಲ್ಲಿ ಲೋಕಪ್ರಸಿದ್ಧರಾದ ಥಿಯೋಡರ್ ಫಾನ್ ಕಾರ್ಮಾನ್ ಆ ಸ್ಪರ್ಧೆಯಲ್ಲಿ ಗೆದ್ದವರೇ. ೧೯೫೯ರಲ್ಲಿ ರುಮೇನಿಯದಲ್ಲಿ ಏಳು ದೇಶಗಳು ಕೂಡಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡನ್ನು ನಡೆಸಿದವು. ಭಾರತದ ತಂಡ ಅದರಲ್ಲಿ ಮೊದಲು ಭಾಗವಹಿಸಿದ್ದು ೧೯೮೯ರಲ್ಲಿ. ೧೯೯೬ರಲ್ಲಿ ಅದು ನಮ್ಮ ಮುಂಬಯಿಯಲ್ಲಿಯೇ ಜರುಗಿತು. ಕಿರಿಯರ ಸರದಿ ತಡವಾಗಿ ಬಂದಿತು. ಅಮೆರಿಕದಲ್ಲಿ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆಂದು ೧೯೮೫ರಲ್ಲಿ ಆರಂಭಿಸಿದ ಪರೀಕ್ಷೆಯಲ್ಲಿ ೨೫ ಪ್ರಶ್ನೆಗಳು, ೪೦ ನಿಮಿಷಗಳ ಅವಧಿ. ಈ ಅವಸರ ನನಗೆ ಅಷ್ಟಾಗಿ ರುಚಿಸದು. ತಪ್ಪು ಉತ್ತರಕ್ಕೆ ಅಲ್ಲಿ ಗುಣ ಕಳೆಯುವುದಿಲ್ಲವೆಂಬುದು ಒಂದು ಸಮಾಧಾನ.

ಇಲ್ಲಿ ನಮಗೆ ಸಂಬಂಧಿಸಿದ ಸಂಗತಿಯೊಂದಿದೆ. ಆ ಅಂತರರಾಷ್ಟ್ರೀಯ ಒಲಿಂಪಿಯಾಡಿನಲ್ಲಿ ಪ್ರಶ್ನೆಗಳು ನಿಶ್ಚಿತವಾದ ಮೇಲೆ, ಆಯಾ ದೇಶದ ತಂಡದ ನಾಯಕರು ಅವನ್ನು ತಮ್ಮ ತಮ್ಮ ಭಾಷೆಗಳಿಗೆ ಪರಿವರ್ತಿಸುತ್ತಾರೆ. ಮಕ್ಕಳು ತಮ್ಮ ಭಾಷೆಯಲ್ಲಿಯೇ ಉತ್ತರ ಬರೆಯಬಹುದು. ಲೋಕದ ಅತಿ ಕಠಿಣವಾದ ಶಾಲಾಸ್ಪರ್ಧೆಯೇ ಈ ಕ್ರಮವನ್ನು ಒಪ್ಪಿರುವಾಗ, ಲೆಕ್ಕಕ್ಕೆ ಒಂದೇ ಭಾಷೆ ತಕ್ಕದ್ದೆಂದು ನಾವೇಕೆ ತಿಳಿಯಬೇಕು?

ಮಕ್ಕಳು ಎಡವುವುದಾದರೂ ಎಲ್ಲಿ? ನಾಲ್ವತ್ತು ಮಕ್ಕಳ ವರ್ಗದಲ್ಲಿ ಯಾವುದಾದರೊಂದು ತಿಂಗಳಿನಲ್ಲಿ ಕಡಿಮೆಯೆಂದರೆ ಎಷ್ಟು ಮಂದಿ ಹುಟ್ಟಿರಲೇಬೇಕು ಎಂದು ಕೇಳಿ ನೋಡಿರಿ. ಹುಡುಗ ನಾಲ್ವತ್ತನ್ನು ಹನ್ನೆರಡರಿಂದ ಭಾಗಿಸಿ, ಮೂರು ಎಂದು ಬರೆದು, ಶೇಷವನ್ನು ಮರೆತುಬಿಡುತ್ತಾನೆ. ಭಾಗಾಕಾರ ಅವನಿಗೆ ಚೆನ್ನಾಗಿ ಬರುತ್ತದೆ. "ಕಡಿಮೆಯೆಂದರೆ", "ಇರಲೇಬೇಕು" ಎಂಬ ಎರಡು ಮಾತುಗಳ ಬಿಗಿ ಅವನಿಗೆ ಹತ್ತಲಿಲ್ಲ. ತಿಂಗಳಿಗೆ ಮೂವರಂತೆ ಹಂಚಿದರೂ ೩೬ ಮಂದಿಗೆ ಮಾತ್ರ ಸ್ಥಳವಾಯಿತು. ಮೂವತ್ತೇಳನೆಯವನು ಎಲ್ಲಿಯೋ ನಾಲ್ಕನೆಯವನಾಗಲೇಬೇಕಷ್ಟೆ. ಈ ಬಿಗಿಯನ್ನು ಮಗು ಕಲಿಯುವುದು ತಾಯಿಯೊಡನೆ, ಅಜ್ಜನೊಡನೆ ವಾದಿಸುತ್ತ. ಮನೆಯ ಮಾತಿನಲ್ಲಿ ಅದು ಹಿಡಿತಕ್ಕೆ ಬಂದ ಮೇಲೆ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಅದೇ ಪ್ರಶ್ನೆ ಬಂದರೆ ಆ ಭಾಷೆಯ ಹತ್ತಿಪ್ಪತ್ತು ಶಬ್ದಗಳನ್ನು ಕಲಿತರೆ ತೀರಿತು. ಮೂಲದಲ್ಲಿಯೇ ಹಿಡಿತವಿಲ್ಲದವನಿಗೆ ಮಾಧ್ಯಮವನ್ನು ಬದಲಿಸಿದರೆ ಎರಡು ಭಾರಗಳಾಗುತ್ತವೆ. ನಮ್ಮವರ ದೋಷವನ್ನೂ ಹೇಳಿಬಿಡುತ್ತೇನೆ. "ಲಘುತಮ ಸಾಮಾನ್ಯ ಅಪವರ್ತ್ಯ" ಎಂದು ಕನ್ನಡ ಪುಸ್ತಕ ಗರ್ಜಿಸಿದಾಗ ಹಳ್ಳಿಯ ಮಗುವಿಗೆ ಅದೂ ಪರಭಾಷೆಯೇ. ಎರಡು ಗಂಟೆಗಳು ಒಮ್ಮೆ ಕೂಡಿ ಬಾರಿಸಿದ ಮೇಲೆ ಮತ್ತೆ ಯಾವಾಗ ಕೂಡಿ ಬಾರಿಸುವುವು ಎಂದು ಕೇಳಿದರೆ ಅದು ತಾನಾಗಿ ಹೇಳುತ್ತದೆ.

ಲೆಕ್ಕವನ್ನು ವಿನೋದವಾಗಿ ಕೇಳುವುದು ನಮ್ಮ ನಾಡಿಗೆ ಹೊಸದಲ್ಲ. ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ೯ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದನು. ೧೩೯ನ್ನು ೧೦೯ರಿಂದ ಗುಣಿಸಿರಿ, ೧೫೧೫೧ ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಗುಣಲಬ್ಧಗಳನ್ನು ಆತನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ೧೨ನೆಯ ಶತಮಾನದ ರಾಜಾದಿತ್ಯನಂತೂ ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ರಚಿಸಿದನು.

ಪಾಲಕರಲ್ಲಿ ನನ್ನದೊಂದು ವಿನಂತಿ. ವಾರಕ್ಕೊಂದೇ ಪ್ರಶ್ನೆ ಸಾಕು. ರಾತ್ರಿ ಊಟವಾದ ಮೇಲೆ ಕೇಳಿರಿ, ಉತ್ತರವನ್ನು ಮಾತ್ರ ಹೇಳಬೇಡಿರಿ. ನಾಲ್ಕು ದಿನ ಹಿಡಿದರೂ ಚಿಂತೆಯಿಲ್ಲ. ನಿಮಗೆ ಉತ್ತರ ಬಾರದಿದ್ದರಂತೂ ಇನ್ನೂ ಒಳ್ಳೆಯದು, ಮಗು ನಿಮಗೆ ಕಲಿಸಲಿ!

ಈಗ ಜಮಖಾನೆಯ ಮೇಲಿನ ಬಾಲಕರಿಗೆ ಒಂದು ಪ್ರಶ್ನೆ. ಚೌಕಾಬಾರದ ಮಣೆಯನ್ನು ನೀವೆಲ್ಲ ಬಲ್ಲಿರಿ. ಐದೈದು ಸಾಲು, ೨೫ ಮನೆ. ಎರಡೆರಡು ಮನೆಗಳನ್ನು ಮುಚ್ಚುವಂತಹ ೧೨ ರಟ್ಟಿನ ತುಂಡುಗಳನ್ನು ಕತ್ತರಿಸಿಕೊಳ್ಳಿರಿ. ಮೂಲೆಯ ಮನೆಯೊಂದನ್ನು ಬಿಟ್ಟು ಉಳಿದ ೨೪ ಮನೆಗಳನ್ನು ಮುಚ್ಚಬಹುದು, ಸುಲಭ. ಮೂಲೆಯ ಪಕ್ಕದ ಮನೆಯನ್ನು ಬಿಟ್ಟರೆ? ಎಷ್ಟು ಹೆಣಗಿದರೂ ಆಗದು. ಏಕೆಂದರೆ, ಮನೆಗಳಿಗೆ ಒಂದು ಬಿಟ್ಟೊಂದರಂತೆ ಅರಿಸಿನ, ಕುಂಕುಮ ಹಚ್ಚಿರಿ. ಮೂಲೆಗೆ ಅರಿಸಿನ ಬಂದರೆ ಒಟ್ಟು ಅರಿಸಿನದ ಮನೆ ೧೩, ಕುಂಕುಮದವು ೧೨. ಒಂದೊಂದು ತುಂಡೂ ಎರಡು ಬಣ್ಣಗಳನ್ನೂ ಒಂದೊಂದರಂತೆ ಮುಚ್ಚುತ್ತದೆ. ಕುಂಕುಮದ ಮನೆಯನ್ನೇ ಬಿಟ್ಟರೆ ಉಳಿಯುವುದು ೧೩ ಮತ್ತು ೧೧, ಜೋಡಿಯಾಗುವುದು ಹೇಗೆ?

ಇನ್ನು ನಟ್ಟನಡುವಿನ ಮನೆಯನ್ನು ಬಿಟ್ಟರೆ ಏನಾಗುವುದು? ಬಣ್ಣದ ಲೆಕ್ಕವೇನೋ ಸರಿಹೋಗುತ್ತದೆ. ಆದರೆ ತುಂಡುಗಳು ನಿಜವಾಗಿ ಕೂಡುವುವೆ? ಅದನ್ನು ನಾನು ಹೇಳುವುದಿಲ್ಲ. ಕಾರ್ಯದರ್ಶಿಗಳ ಬಳಿ ರಟ್ಟು ಕತ್ತರಿಗಳನ್ನು ಇಟ್ಟಿದ್ದೇನೆ.