ಏದುಸಿರಿಲ್ಲದ ಓಟ

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ಓಟದ ವಿಷಯವಾಗಿ ಮಾತನಾಡಲು ಧ್ವನಿಗ್ರಾಹಕದ ಮುಂದೆ ಕುಳಿತಿದ್ದಾನೆಂದರೆ ಕೇಳುಗರಲ್ಲಿ ಕೆಲವರಿಗಾದರೂ ನಗು ಬಂದೀತು. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಈ ಹೊತ್ತಿನಲ್ಲಿ ರೇಡಿಯೋ ಹಾಕಿದ್ದರೆ ಅವರಿಗಂತೂ ಖಂಡಿತ ಬರುತ್ತದೆ. ಗಂಟೆ ಹೊಡೆದ ಮೇಲೂ ನಾನು ಅವಸರದಿಂದ ತರಗತಿಗೆ ನಡೆದುದನ್ನು ಅವರು ಕಂಡವರಲ್ಲ. ಆದರೆ ಇಂದು ನಾನು ಹೇಳಹೊರಟಿರುವುದು ವೇಗವಾಗಿ ಓಡುವ ವಿಷಯವನ್ನಲ್ಲ, ನಿಧಾನವಾಗಿ ಓಡುವ ವಿಷಯವನ್ನು. ಅದರಲ್ಲಿ ನನಗೆ ಸ್ವಲ್ಪ ಅಧಿಕಾರವುಂಟೆಂದು ಭಾವಿಸಿದ್ದೇನೆ.

ನಮ್ಮ ತಂದೆ ತೀರಿಕೊಂಡಾಗ ಅವರಿಗೆ 62 ವರ್ಷ 4 ತಿಂಗಳು. ಬೆಳಗ್ಗೆ ಬಚ್ಚಲ ಒಲೆಗೆ ಉರಿ ಹಾಕಿ, ಜಗಲಿಗೆ ಬಂದು ಕುಳಿತವರು ಮತ್ತೆ ಏಳಲಿಲ್ಲ. ಹೃದಯದ ಕಾಯಿಲೆ ಎಂದರು. ನನಗೆ 60 ತುಂಬಿ, ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಬಂದ ರಾತ್ರಿ ನನ್ನ ಮನಸ್ಸು ಮಾಡಿದ ಮೊದಲ ಕೆಲಸ ಒಂದು ಕಳೆಯುವ ಲೆಕ್ಕ: ಇನ್ನು ಎರಡು ವರ್ಷ ನಾಲ್ಕು ತಿಂಗಳು. ಯಾರಿಗೂ ಹೇಳಲಿಲ್ಲ. ಮರುವಾರ ಒಂದು ಜೊತೆ ಓಟದ ಬೂಟು ಕೊಂಡು ತಂದು ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಓಡತೊಡಗಿದೆ.

ಓಡತೊಡಗಿದೆ ಎಂದೆ. ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಳ್ಳುವವನಂತೆ ಓಡಿದೆ ಎಂಬುದು ಹೆಚ್ಚು ಸರಿ. ಮುಂದೆ ಹೋಗುವ ಹುಡುಗರನ್ನೆಲ್ಲ ಹಿಂದೆ ಹಾಕಬೇಕೆಂಬ ಹುಚ್ಚು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಕಣ್ಣು ಕತ್ತಲೆ ಬಂದು ಒಂದು ಕಲ್ಲುಬೆಂಚಿನ ಮೇಲೆ ಕುಸಿದೆ. ಅಳಿಯಂದಿರು ತಂದುಕೊಟ್ಟಿದ್ದ ಗಡಿಯಾರ ಕೈಯಲ್ಲಿತ್ತು; ಹೊತ್ತನ್ನು ಮಾತ್ರವಲ್ಲ, ನಾಡಿಯ ಬಡಿತವನ್ನೂ ತೋರಿಸುವಂಥದು. ಅದರಲ್ಲಿ 168 ಎಂದಿತ್ತು.

ಮನೆಯಲ್ಲಿ ತಿಳಿಯದಿದ್ದೀತೆ? ವೈದ್ಯರಲ್ಲಿಗೆ ಹೋದದ್ದಾಯಿತು, ಇ.ಸಿ.ಜಿ., ಟ್ರೆಡ್‌ಮಿಲ್ ಪರೀಕ್ಷೆ ಎಲ್ಲವೂ ಆದುವು. ಹೃದಯದಲ್ಲಿ ದೋಷವಿಲ್ಲ, ಅಭ್ಯಾಸವಿಲ್ಲ, ಅಷ್ಟೆ ಎಂದರು. ನನ್ನ ವಯಸ್ಸಿನವರು ಮೊದಲು ವೈದ್ಯರನ್ನು ಕಂಡು ಆಮೇಲೆ ಓಡಬೇಕು. ನನ್ನ ಕ್ರಮ ತಲೆಕೆಳಗಾಗಿತ್ತು.

ವಿಷಯ ತಿಳಿದು, ನಮ್ಮ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನೋಡಿಕೊಳ್ಳುತ್ತಿದ್ದ ಮಿತ್ರರೊಬ್ಬರು ಮನೆಗೆ ಬಂದರು. ಇಪ್ಪತ್ತು ವರ್ಷ ಒಂದೇ ಕೊಠಡಿಯಲ್ಲಿ ಕುಳಿತು ಕಾಫಿ ಕುಡಿದಿದ್ದರೂ ಅವರ ವಿದ್ಯೆಯನ್ನು ಕುರಿತು ನಾನು ಒಂದು ಪ್ರಶ್ನೆ ಕೇಳಿದವನಲ್ಲ. ಸಾಹಿತ್ಯದವರಿಗೆ ಇಂಥ ಸಣ್ಣ ಅಹಂಕಾರಗಳಿರುತ್ತವೆ. "ಮೇಷ್ಟ್ರೇ, ನಿಮಗೆ ಓಡೋದಕ್ಕೆ ಬರುತ್ತೆ, ಮೆಲ್ಲಗೆ ಓಡೋದಕ್ಕೆ ಬರೋದಿಲ್ಲ. ಮೊದಲು ಅದನ್ನ ಕಲೀರಿ" ಎಂದರು. 180ರಲ್ಲಿ ವಯಸ್ಸನ್ನು ಕಳೆಯಬೇಕು. ಉಳಿದ ಸಂಖ್ಯೆಯನ್ನು ನಾಡಿ ದಾಟಕೂಡದು. ಕೆಲವು ತಿಂಗಳು ಇದಲ್ಲದೆ ಬೇರೇನೂ ಬೇಡ ಎಂಬುದು ಅವರು ಹೇಳಿದ ವಿಧಿ. ಅಮೆರಿಕದ ಫಿಲ್ ಮ್ಯಾಫೆಟೋನ್ ಎಂಬವರು ಬಳಕೆಗೆ ತಂದ ಲೆಕ್ಕವಿದು ಎಂದು ಆಮೇಲೆ ಓದಿ ತಿಳಿದೆ. ನನ್ನ ಪಾಲಿಗೆ ಬಂದದ್ದು 120.

ಗಡಿಯಾರವಿಲ್ಲದವರಿಗೆ ಇನ್ನೊಂದು ಪರೀಕ್ಷೆಯುಂಟು. ಮಾತನಾಡುತ್ತ ಓಡಲು ಸಾಧ್ಯವಾದರೆ ಸರಿ, ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ಒಬ್ಬನೇ ಓಡುವವನು ಯಾರೊಡನೆ ಮಾತನಾಡಬೇಕು? ನಾನು ಕುಮಾರವ್ಯಾಸನನ್ನು ಜೊತೆಗೆ ಕರೆದುಕೊಂಡೆ. ಭಾಮಿನಿ ಷಟ್ಪದಿಯ ಮೊದಲ ಎರಡು ಸಾಲುಗಳಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆ, ಮೂರನೆಯದಕ್ಕೆ ಇಪ್ಪತ್ತಮೂರು ಎಂಬುದು ತಮಗೆ ತಿಳಿದದ್ದೇ. ಆ ಮೂರನೆಯ ಸಾಲು ಒಂದೇ ಉಸಿರಿನಲ್ಲಿ ಮುಗಿದರೆ ಓಟ ಹದದಲ್ಲಿದೆ. ನಡುವೆ ಉಸಿರು ಕಡಿದರೆ ಹದ ಮೀರಿದೆ. ಗಡಿಯಾರ 120 ದಾಟುವುದಕ್ಕೂ ಷಟ್ಪದಿ ಮುರಿಯುವುದಕ್ಕೂ ಹೆಚ್ಚು ಅಂತರವಿರಲಿಲ್ಲ. ಇಷ್ಟು ವರ್ಷ ಕರಿಹಲಗೆಯ ಮೇಲೆ ಗಣವಿಭಾಗ ಮಾಡಿದವನಿಗೆ ಛಂದಸ್ಸಿನ ಈ ಉಪಯೋಗ ಹೊಳೆದೇ ಇರಲಿಲ್ಲ.

ಆದರೆ 120ರೊಳಗೆ ಓಡುವುದೆಂದರೆ ಏನೆಂದು ಊಹಿಸಿಕೊಳ್ಳಿ. ಒಂದು ಕಿಲೋಮೀಟರಿಗೆ 11 ನಿಮಿಷ. ಸಣ್ಣದೊಂದು ಏರು ಬಂದರೂ ನಾಡಿ ಎಗರುತ್ತಿತ್ತು. ನಡೆದು, ಅದು ಇಳಿದ ಮೇಲೆ ಮತ್ತೆ ಓಡಬೇಕು. ನನ್ನ ಮನೆಯವರು ಹತ್ತು ವರ್ಷಗಳಿಂದ ದಿನವೂ ಆ ಕೆರೆಯನ್ನು ಸುತ್ತಿದವರು. ಒಂದು ಬೆಳಗ್ಗೆ, ಓಡುತ್ತಿದ್ದ ನನ್ನನ್ನು ನಡೆಯುತ್ತಿದ್ದ ಅವರು ಹಿಂದಿನಿಂದ ಬಂದು ದಾಟಿದರು. ದಾಟುವಾಗ ಸೆರಗು ಸರಿಮಾಡಿಕೊಂಡು, "ನಾನು ಮುಂದೆ ಹೋಗಿ ಹಾಲು ಕಾಯಿಸಿಟ್ಟಿರ್ತೀನಿ, ನೀವು ಓಡ್ಕೊಂಡು ಬನ್ನಿ" ಎಂದರು. ಬೆಂಚಿನ ಮೇಲಿದ್ದ ನಿವೃತ್ತ ಮಿತ್ರಮಂಡಲಿ ಈ ಮಾತನ್ನು ಒಂದು ತಿಂಗಳು ಬಿಡಲಿಲ್ಲ.

ಹೀಗೆ ಆಮೆಯಂತೆ ಚಲಿಸುವುದರಿಂದ ಆಗುವುದೇನು? ನಾನು ವಿಜ್ಞಾನದವನಲ್ಲ, ಓದಿ ಅರ್ಥಮಾಡಿಕೊಂಡಷ್ಟನ್ನು ಹೇಳುತ್ತೇನೆ. ತಿಂಗಳುಗಟ್ಟಲೆ ಹೀಗೆ ದುಡಿದ ಹೃದಯ ಒಂದು ಬಡಿತಕ್ಕೆ ಹೊರಡಿಸುವ ರಕ್ತದ ಪ್ರಮಾಣವನ್ನು ಹೆಚ್ಚಿಸಿಕೊಳ್ಳುತ್ತದೆ. ಸಣ್ಣ ಚೆಂಬಿನಲ್ಲಿ ಹತ್ತು ಸಲ ಸೇದುತ್ತಿದ್ದ ನೀರನ್ನು ಬಿಂದಿಗೆಯಲ್ಲಿ ಆರೇಳು ಸಲಕ್ಕೆ ಸೇದಿದಂತೆ. ಸ್ನಾಯುಗಳೊಳಗೆ ಕೂದಲಿಗಿಂತ ಸೂಕ್ಷ್ಮವಾದ ಲೋಮನಾಳಗಳು ಹೆಚ್ಚುತ್ತವೆ. ಜೀವಕೋಶಗಳಲ್ಲಿ ಆಮ್ಲಜನಕ ಬಳಸಿ ಇಂಧನ ಉರಿಸುವ ಒಲೆಗಳಿವೆಯಷ್ಟೆ, ಮೈಟೊಕಾಂಡ್ರಿಯಾ ಎನ್ನುತ್ತಾರೆ, ಅವೂ ಬೆಳೆಯುತ್ತವೆ. 1967ರಲ್ಲಿ ಜಾನ್ ಹಾಲೊಸಿ ಎಂಬ ಅಮೆರಿಕದ ವಿಜ್ಞಾನಿ ಇಲಿಗಳನ್ನು ವಾರಗಟ್ಟಲೆ ಓಡಿಸಿ ಇದನ್ನು ತೋರಿಸಿಕೊಟ್ಟರು. ಇಂಧನದ ಲೆಕ್ಕವೂ ಒಂದುಂಟು. ಗ್ಲೈಕೊಜನ್ ಅಡುಗೆಮನೆಯ ಡಬ್ಬಿಯಿದ್ದಂತೆ: ಕೈಗೆ ಬೇಗ ಸಿಗುತ್ತದೆ, ಬೇಗ ಬರಿದಾಗುತ್ತದೆ. ಕೊಬ್ಬು ಕಣಜ. ಅದನ್ನು ತೆರೆಯಲು ಹೊತ್ತು ಬೇಕು, ಆಮ್ಲಜನಕ ಧಾರಾಳವಾಗಿರಬೇಕು. ಏದುಸಿರು ಬಿಡುತ್ತ ಓಡುವವನು ಡಬ್ಬಿಯನ್ನೇ ಕೆರೆಯುತ್ತಾನೆ. ದೂರ ಓಡಬೇಕಾದವನು ಕಣಜದ ಬಾಗಿಲು ತೆರೆಯುವುದನ್ನು ದೇಹಕ್ಕೆ ಕಲಿಸಬೇಕು. ಏರೋಬಿಕ್ ತಳಹದಿ ಎನ್ನುವುದು ಇದನ್ನೆಲ್ಲ ಸೇರಿಸಿ.

ಈ ತಳಹದಿಯ ಮಹತ್ವವನ್ನು ಲೋಕಕ್ಕೆ ಮನಗಾಣಿಸಿದವರು ಪ್ರಯೋಗಶಾಲೆಯವರಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಚಪ್ಪಲಿ ಬೂಟುಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯರ್ಡ್ ಎಂಬವರು. ಸ್ನೇಹಿತರೊಬ್ಬರ ಜೊತೆ ಐದು ಮೈಲಿ ಓಡಿ ಸುಸ್ತಾಗಿ, ತಮ್ಮ ದೇಹದ ಸ್ಥಿತಿಗೆ ತಾವೇ ನಾಚಿ, ವರ್ಷಗಟ್ಟಲೆ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಆಗ ಯುರೋಪಿನಲ್ಲಿ ಜರ್ಮನಿಯ ಗೆರ್ಶ್ಲರ್ ಪದ್ಧತಿಗೆ ಬಹಳ ಮನ್ನಣೆ: ಸ್ವಲ್ಪ ದೂರ ಜೋರಾಗಿ ಓಡಿ ನಾಡಿಯನ್ನು 180ಕ್ಕೆ ಏರಿಸುವುದು, 120ಕ್ಕೆ ಇಳಿಯುವ ತನಕ ಕಾಯುವುದು, ಮತ್ತೆ ಓಡುವುದು. ಲಿಡಿಯರ್ಡ್ ಜೋರಿನ ಓಟವನ್ನು ಬಿಡಲಿಲ್ಲ, ಹಿಂದಕ್ಕೆ ತಳ್ಳಿದರು. ಮೊದಲು ವಾರಕ್ಕೆ ನೂರು ಮೈಲಿ, ದಮ್ಮು ಕಟ್ಟದಂತೆ, ಉಳಿದದ್ದೆಲ್ಲ ಆಮೇಲೆ. 800 ಮೀಟರ್ ಓಡುವ ಪೀಟರ್ ಸ್ನೆಲ್‌ರನ್ನೂ ವೈಟಕೆರೆ ಬೆಟ್ಟಗಳಲ್ಲಿ 22 ಮೈಲಿ ಓಡಿಸಿದರು. ಎರಡು ನಿಮಿಷದೊಳಗೆ ಮುಗಿಯುವ ಸ್ಪರ್ಧೆಗೆ ಇಂಥ ಸಿದ್ಧತೆಯೇ ಎಂದು ಯಾರಿಗಾದರೂ ಅನ್ನಿಸಬೇಕು. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್ 800 ಮೀಟರಿನಲ್ಲಿ ಚಿನ್ನ ಗೆದ್ದರು. ಅದೇ ದಿನ 5000 ಮೀಟರಿನಲ್ಲಿ ಲಿಡಿಯರ್ಡರ ಇನ್ನೊಬ್ಬ ಶಿಷ್ಯ, ಎಡಗೈ ಸ್ವಾಧೀನವಿಲ್ಲದ ಮರ್ರೆ ಹ್ಯಾಲ್ಬರ್ಗ್, ಚಿನ್ನ ಗೆದ್ದರು. ಮ್ಯಾರಥಾನಿನಲ್ಲಿ ಬ್ಯಾರಿ ಮ್ಯಾಗಿಗೆ ಕಂಚು.

ಪದಕಗಳಿಗಿಂತ ನನ್ನ ಮನಸ್ಸನ್ನು ಹಿಡಿದದ್ದು ಲಿಡಿಯರ್ಡರ ಇನ್ನೊಂದು ಕೆಲಸ. ಆಕ್ಲೆಂಡಿನ ನಡುವಯಸ್ಸಿನವರನ್ನು, ಹೃದಯಾಘಾತವಾಗಿ ಚೇತರಿಸಿಕೊಂಡವರನ್ನೂ ಸೇರಿಸಿಕೊಂಡು, ಅವರು ಮೆಲ್ಲನೆಯ ಓಟಕ್ಕೆ ಹಚ್ಚಿದರು. ಬಿದ್ದ ಹೃದಯವನ್ನು ಮಂಚದ ಮೇಲೆ ಮಲಗಿಸಿಯೇ ಕಾಪಾಡಬೇಕೆಂಬ ಭಾವನೆ ಬಲವಾಗಿದ್ದ ಕಾಲ ಅದು. 1962ರಲ್ಲಿ ಅಮೆರಿಕದ ತರಬೇತುದಾರ ಬಿಲ್ ಬೋವರ್ಮನ್ ಅಲ್ಲಿಗೆ ಹೋಗಿದ್ದಾಗ ಇವರ ಜೊತೆ ಓಡಲು ಹೊರಟರು. ಅವರಿಗೆ ಆಗ 51. ಎಪ್ಪತ್ತು ದಾಟಿದ, ಹೃದಯಾಘಾತವಾಗಿದ್ದ ಒಬ್ಬ ಮುದುಕರು, ಹಿಂದೆ ಬಿದ್ದ ಬೋವರ್ಮನ್‌ರಿಗೆ ಜೊತೆಯಾಗಿ ಹರಟುತ್ತ ಸಾಗಿದರಂತೆ. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಮ್ಮ ತಂದೆಯ ಜಗಲಿ ನೆನಪಾಗುತ್ತಿತ್ತು.

ಲಿಡಿಯರ್ಡರು ನಡೆಸಿದ್ದು ಗಡಿಯಾರದ ಬಲದಿಂದಲ್ಲ. ಓಡುವಾಗ ನಾಡಿಯನ್ನು ತೋರಿಸುವ, ತಂತಿಯಿಲ್ಲದ ಉಪಕರಣ ಫಿನ್ಲೆಂಡಿನಿಂದ ಬಂದದ್ದು 1982ರಲ್ಲಿ. ಈಗ ಅದು ಎಲ್ಲರ ಮಣಿಕಟ್ಟಿನಲ್ಲೂ ಇದೆ. ಕೆರೆಯ ಮೇಲೆ ಸೂರ್ಯ ಹುಟ್ಟುವಾಗಲೂ ಅದನ್ನೇ ನೋಡುತ್ತ ಓಡುವ ತರುಣರನ್ನು ಕಂಡರೆ ನನಗೆ ಸ್ವಲ್ಪ ಅಸಮಾಧಾನ. 180ರ ಲೆಕ್ಕವೂ 220ರ ಲೆಕ್ಕವೂ ಸರಾಸರಿಗಳೇ ಹೊರತು ಒಬ್ಬೊಬ್ಬರ ಹೃದಯವನ್ನು ಅಳೆದು ಬರೆದವಲ್ಲ. ಮಣಿಕಟ್ಟಿನ ಗಡಿಯಾರ ಒಮ್ಮೊಮ್ಮೆ ಹೆಜ್ಜೆಯನ್ನೇ ನಾಡಿಯೆಂದು ಎಣಿಸಿಬಿಡುತ್ತದೆ. ಎದೆಗೆ ಕಟ್ಟುವ ಪಟ್ಟಿ ಹೆಚ್ಚು ನಂಬಿಕೆಗೆ ಯೋಗ್ಯ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಜಾತಿಯ ಮಾತ್ರೆ ನುಂಗುವವರಿಗೆ ಈ ಸಂಖ್ಯೆಗಳು ಹೊಂದುವುದೇ ಇಲ್ಲ. ಆ ಮಾತ್ರೆ ನಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಅವರು ವೈದ್ಯರನ್ನು ಕೇಳಬೇಕು, ಇಲ್ಲವೆ ಮಾತಿನ ಪರೀಕ್ಷೆಯನ್ನು ನಂಬಬೇಕು.

ಅಕ್ಟೋಬರಿನಲ್ಲಿ ತೊಡಗಿದವನು ಮಾರ್ಚಿಯ ಹೊತ್ತಿಗೆ ಕಿಲೋಮೀಟರಿಗೆ 10 ನಿಮಿಷಕ್ಕೆ ಬಂದಿದ್ದೆ. ಏಪ್ರಿಲಿನಲ್ಲಿ ಮತ್ತೆ 11. ಸೆಕೆಯಲ್ಲಿ ಮೈ ತಣಿಸಲು ಹೃದಯ ಚರ್ಮಕ್ಕೂ ರಕ್ತ ಕಳಿಸಬೇಕು, ಆದ್ದರಿಂದ ಅದೇ ವೇಗಕ್ಕೆ ಹೆಚ್ಚು ಬಡಿತ ಬೇಕಾಗುತ್ತದೆ ಎಂದು ಮಿತ್ರರು ವಿವರಿಸಿದರು. ವಿವರಣೆಯಿಂದ ಸಮಾಧಾನವಾಗಲಿಲ್ಲ. ಎರಡು ದಿನ ಗಡಿಯಾರವನ್ನು ಮನೆಯಲ್ಲಿಟ್ಟು ಕಳ್ಳತನದಿಂದ ಜೋರಾಗಿ ಓಡಿದೆ. ಮೊಣಕಾಲು ಹಿಡಿದುಕೊಂಡು ಒಂದು ವಾರ ಮೆಟ್ಟಿಲು ಹತ್ತಲಾಗಲಿಲ್ಲ. ಮಳೆ ಹಿಡಿದ ಮೇಲೆ, ಯಾವ ದಿನವೆಂದು ಗೊತ್ತಾಗದಂತೆ, ಓಟ ಹಗುರವಾಯಿತು. ಸೆಪ್ಟೆಂಬರಿನಲ್ಲಿ ಅದೇ ನಾಡಿಗೆ ಎಂಟೂವರೆ ನಿಮಿಷ. ಡಿಸೆಂಬರಿನಲ್ಲಿ ಹತ್ತು ಕಿಲೋಮೀಟರ್ ನಿಲ್ಲದೆ ಓಡಿದೆ, ಮೂರನೆಯ ಸಾಲು ಮುರಿಯದೆ.

ಅದರ ಮುಂದಿನ ವರ್ಷವೂ ಹೀಗೆಯೇ ಕಳೆಯಿತು. ಆಮೇಲಿನ ಫೆಬ್ರವರಿಯಲ್ಲಿ ನನ್ನ ಲೆಕ್ಕದ ದಿನ ಬಂತು: 62 ವರ್ಷ, 4 ತಿಂಗಳು. ಬೆಳಗ್ಗೆ ಚಳಿಯಿತ್ತು; ಕೆರೆಯ ಮೇಲೆ ಮಂಜು. ಎಂದಿನಷ್ಟೇ ಮೆಲ್ಲಗೆ ಹೊರಟೆ. ಅರ್ಧ ಕಿಲೋಮೀಟರಾಗಿರಲಿಲ್ಲ, ಗಡಿಯಾರ 141 ತೋರಿಸಿತು. ವೇಗ ತಗ್ಗಿಸಿದರೂ ಇಳಿಯಲಿಲ್ಲ. ಕಾಲಿಗೆ ದಣಿವಿಲ್ಲ, ಉಸಿರಿಗೆ ಕಷ್ಟವಿಲ್ಲ. ಭಯಕ್ಕೂ ಹೃದಯ ಬಡಿದುಕೊಳ್ಳುತ್ತದೆಂಬುದನ್ನು ಇಷ್ಟು ಕಾವ್ಯ ಓದಿದವನು ಮರೆತೇಬಿಟ್ಟಿದ್ದೆ. ಓಡುವುದನ್ನು ನಿಲ್ಲಿಸಿ ನಡೆಯತೊಡಗಿದೆ. ಹಿಂದಿನಿಂದ ಪರಿಚಿತ ಹೆಜ್ಜೆಯ ಸದ್ದು ಬಂತು.

"ಏನ್ರೀ, ಇವತ್ತು ನಡೀತಾ ಇದ್ದೀರಿ?"

ಹೇಳಿದೆ. ಎರಡು ವರ್ಷ ನಾಲ್ಕು ತಿಂಗಳು ಯಾರಿಗೂ ಹೇಳದಿದ್ದುದನ್ನು ಆಗ ಹೇಳಿದೆ. ಅವರು ಸ್ವಲ್ಪ ದೂರ ಸುಮ್ಮನೆ ನಡೆದರು. ಆಮೇಲೆ, "ನನಗೆ ಗೊತ್ತಿತ್ತು. ಮಾವನವರ ತಿಥಿ ದಿನ ನೀವು ಬೆರಳು ಮಡಿಸ್ತಾ ಕೂತಿದ್ದಿರಿ" ಎಂದರು. ಏರಿಯ ತುದಿ ಮುಟ್ಟುವ ಹೊತ್ತಿಗೆ ಗಡಿಯಾರದಲ್ಲಿ 96 ಇತ್ತು.