ಬೆಳಕಿನ ದತ್ತಿಯೂ ಅದರ ಕಟ್ಟಳೆಯೂ



ಈ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ವ್ಯಾಕರಣವನ್ನೋ ಶಾಸನಗಳನ್ನೋ ಕುರಿತು ನಾಲ್ಕು ಮಾತು ಹೇಳೆಂದು ಅಪ್ಪಣೆಯಾಗಿದ್ದರೆ ನನಗೆ ಕೆಲಸವು ಸುಲಭವಾಗುತ್ತಿತ್ತು. ವಿದ್ಯುಚ್ಛಕ್ತಿಗಾಗಿ ಸರಕಾರಗಳು ವೆಚ್ಚ ಮಾಡುವ ದ್ರವ್ಯದ ವಿಷಯವು ಪಾಠಶಾಲೆಯಲ್ಲಿ ಓದಿದವನಿಗೆ ದೂರದ್ದೆಂದು ಕೆಲವು ಮಿತ್ರರು ನಕ್ಕದ್ದೂ ಉಂಟು. ಆದರೆ ದ್ರವ್ಯವನ್ನು ಯಾರು ಕೊಟ್ಟರು, ಯಾವ ಉದ್ದೇಶಕ್ಕೆ ಕೊಟ್ಟರು, ಅದು ಆ ಉದ್ದೇಶಕ್ಕೇ ಸಂದಿತೋ ಇಲ್ಲವೋ ಎಂದು ವಿಚಾರಿಸುವದು ಮಠಗಳಿಗೆ ಹೊಸದಲ್ಲ. ನಮ್ಮ ನಾಡಿನ ದಾನಶಾಸನಗಳೆಲ್ಲವೂ ಈ ಮೂರು ಪ್ರಶ್ನೆಗಳಿಗೆ ಕಲ್ಲಿನಲ್ಲಿ ಬರೆದಿಟ್ಟ ಉತ್ತರಗಳೇ ಆಗಿವೆ. ಬಾದಾಮಿಯ ಮೂರನೆಯ ಗುಹೆಗೆ ಹೋದವರು ಅಲ್ಲಿಯ ಶಿಲ್ಪಗಳನ್ನು ನೋಡಿ ಮರಳುತ್ತಾರೆ. ಬರಹವನ್ನು ನೋಡುವವರು ವಿರಳ. ಶಕವರ್ಷ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಕೀರ್ತಿವರ್ಮನ ತಮ್ಮನಾದ ಮಂಗಲೇಶನು ಆ ಗುಹಾಲಯಕ್ಕೆ ಒಂದು ಗ್ರಾಮವನ್ನು ಬಿಟ್ಟುಕೊಟ್ಟ ಸಂಗತಿಯು ಅಲ್ಲಿ ಬಂಡೆಯ ಮೇಲೆಯೇ ಇರುವದು. ದತ್ತಿಯೆಂದರೆ ಕೊಟ್ಟವನ ಹೆಸರು, ಕೊಟ್ಟ ವಸ್ತು, ಕೊಟ್ಟ ಉದ್ದೇಶ ಇವು ಎಲ್ಲರ ಕಣ್ಣಿಗೆ ಬೀಳುವಂತೆ ಇರತಕ್ಕದ್ದು. ಅದನ್ನು ಬೇರೆ ಕಡೆಗೆ ತಿರುಗಿಸಿದವನು ಪಾಪಕ್ಕೆ ಗುರಿಯಾಗತಕ್ಕವನು. ಈ ಹಳೆಯ ಅಳತೆಗೋಲನ್ನು ಹಿಡಿದುಕೊಂಡೇ ನಾನು ಹೊಸ ವಿಷಯವನ್ನು ನೋಡಬಯಸುವೆನು.

ನಮ್ಮ ಸೀಮೆಯವರಿಗೆ ವಿದ್ಯುತ್ತಿನ ಬೆಲೆಯನ್ನು ಹೊರಗಿನವರು ಬಂದು ತಿಳಿಸಬೇಕಾದುದಿಲ್ಲ. 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಇಂದು ಆ ಆಣೆಕಟ್ಟಿನ ಬುಡದಲ್ಲಿ 15 ಮೆಗಾವ್ಯಾಟಿನ ಒಂದು, 55 ಮೆಗಾವ್ಯಾಟಿನ ಐದು, ಒಟ್ಟು 290 ಮೆಗಾವ್ಯಾಟಿನ ಯಂತ್ರಗಳು ಇರುತ್ತವೆ. ಕೃಷ್ಣೆಯು ಕೆಳಗಿನ ನಾರಾಯಣಪುರದ ಕಡೆಗೆ ಹರಿಯುವಾಗ ಆ ಯಂತ್ರಗಳನ್ನು ತಿರುಗಿಸಿ ಹೋಗುವಳು. ಕಲ್ಲಿದ್ದಲಿಲ್ಲ, ಹೊಗೆಯಿಲ್ಲ, ಭೂಮಿಯನ್ನು ಕಾಯಿಸುವ ಇಂಗಾಲಾಮ್ಲ ವಾಯುವು ಚಿಮಣಿಯಿಂದ ಹೊರಡುವದಿಲ್ಲ. ಮಳೆಗಾಲದಲ್ಲಿ ನೀರು ಬಂದಾಗ ಯಂತ್ರಗಳು ಓಡುವವು, ಬೇಸಿಗೆಯಲ್ಲಿ ಬಹುಮಟ್ಟಿಗೆ ವಿಶ್ರಮಿಸುವವು. ಅದು ನದಿಯ ಧರ್ಮ, ಅದಕ್ಕೆ ದೂರಿಲ್ಲ.

ದೂರು ಬೇರೊಂದು ಇದೆ. ಆ ಜಲರಾಶಿಯ ಹಿನ್ನೀರು ಘಟಪ್ರಭೆಯ ಗುಂಟ ಬಾಗಲಕೋಟೆಯವರೆಗೆ ಬಂದು ಪಟ್ಟಣದ ತಗ್ಗಿನ ಓಣಿಗಳನ್ನು ನುಂಗಿತು. ಜನರು ನವನಗರಕ್ಕೆ ಹೋದರು. ಓಣಿಗೆ ಹೆಸರಿದ್ದವರು ಸೆಕ್ಟರಿನ ಅಂಕಿಗೆ ಒಗ್ಗಿಕೊಂಡರು. ನಿವೇಶನ ದೊರೆಯಿತು, ಪರಿಹಾರವೂ ದೊರೆಯಿತು. ಆದರೆ ಹೊಲವನ್ನು ಲಾವಣಿಗೆ ಮಾಡುತ್ತಿದ್ದವನಿಗೆ, ಹಗ್ಗ ಹೊಸೆದು ಬದುಕುತ್ತಿದ್ದವನಿಗೆ, ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವನಿಗೆ ಯಾವ ಪತ್ರದಲ್ಲಿ ಹೆಸರಿತ್ತು?

ಈ ಯೋಜನೆಗೆ ಬಂದ ದ್ರವ್ಯದ ಒಂದು ಭಾಗವು ವಿಶ್ವಬ್ಯಾಂಕಿನ ಸಾಲ. 1978ರಲ್ಲಿ ಒಮ್ಮೆ, 1989ರಲ್ಲಿ ಎರಡನೆಯ ಹಂತಕ್ಕೆಂದು ಮತ್ತೊಮ್ಮೆ ಅದು ಒಪ್ಪಿತವಾಯಿತು. ಮುಳುಗಡೆಯವರ ಪುನರ್ವಸತಿಯು ಕೊಟ್ಟ ಮಾತಿನಂತೆ ನಡೆಯಲಿಲ್ಲವೆಂಬ ಕಾರಣದಿಂದ 1990ರ ದಶಕದಲ್ಲಿ ಆ ಬ್ಯಾಂಕು ಹಣವನ್ನು ತಡೆಹಿಡಿಯಿತು. ನಮ್ಮವರ ಅರ್ಜಿಗಳಿಂದ ಆಗದ ಕೆಲಸವು ಪರದೇಶದ ಸಾಲಗಾರನು ಕೈ ಬಿಗಿಹಿಡಿದಾಗ ಚುರುಕಾಯಿತೆಂಬದು ನಮಗೆ ಭೂಷಣವಲ್ಲ. ಆದರೂ ಅದರಿಂದ ಒಂದು ಮಾತು ಸಿದ್ಧವಾಗುವದು: ದ್ರವ್ಯಕ್ಕೆ ಕಟ್ಟಳೆಯು ಮೊದಲೇ ಬರೆದಿದ್ದರೆ ಅದನ್ನು ಹಿಡಿದು ಕೇಳಬಹುದು, ಬರೆದಿರದಿದ್ದರೆ ಕೇಳುವವನ ಬಾಯಿಗೆ ಆಧಾರವಿಲ್ಲ.

ಹುನಗುಂದದ ಸೀಮೆಯ ಕೂಡಲಸಂಗಮಕ್ಕೆ ನೀವೆಲ್ಲರೂ ಹೋಗಿದ್ದೀರಿ. ನಾರಾಯಣಪುರದ ಹಿನ್ನೀರು ಏರಿದಾಗ ಐಕ್ಯಮಂಟಪವು ಮುಳುಗದಂತೆ ಸುತ್ತಲೂ ಬಾವಿಯಂತೆ ಗೋಡೆಯನ್ನು ಕಟ್ಟಿದ್ದಾರೆ. ನಾವು ಮೆಟ್ಟಲುಗಳನ್ನಿಳಿದು ದರ್ಶನ ಮಾಡುವೆವು. ಬಹಳ ಯೋಗ್ಯವಾದ ಕಾರ್ಯ. ಆದರೆ ಇಳಿಯುವಾಗೆಲ್ಲ ನನಗೆ ಒಂದು ವಿಚಾರ ಬರುವದು. ಮಂಟಪಕ್ಕೆ ಗೋಡೆ ಕಟ್ಟಿದಂತೆ ಬಡವನ ಮನೆಗೆ ಕಟ್ಟಲಾಗದು, ನಿಜ; ಅವನಿಗೆ ಕಟ್ಟಬಹುದಾದ ಗೋಡೆಯೆಂದರೆ ಕಾಗದದ ಮೇಲಿನ ಒಪ್ಪಂದವೊಂದೇ.

ಮುಳುಗಡೆಯ ಕಥೆಯು ಮುಗಿದಿಲ್ಲವೆಂಬದನ್ನೂ ಇಲ್ಲಿಯೇ ಹೇಳಿಬಿಡುವೆನು. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಅದರಿಂದ ಮುಳುಗುವ ಭೂಮಿಗೆ ನೀರಾವರಿಯದಾದರೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ರೂಪಾಯಿಗಳೆಂದು ರಾಜ್ಯ ಸಚಿವಸಂಪುಟವು 2025ರ ಸಪ್ಟೆಂಬರದಲ್ಲಿ ನಿರ್ಧರಿಸಿತು. ಹಿಂದಿನ ದರಗಳನ್ನು ಕಂಡವರಿಗೆ ಇದು ಬಹಳ ದೊಡ್ಡ ಮೊತ್ತ. ಆದರೆ ಇದೂ ಹೊಲದೊಡೆಯನಿಗೇ ಸಲ್ಲುವ ಲೆಕ್ಕ.

ಇನ್ನು ದೇಶದ ಭಂಡಾರದ ಕಡೆಗೆ ತಿರುಗೋಣ. ನಮ್ಮ ದೇಶವು ತನಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಮಿಕ್ಕು ಪಾಲನ್ನು ಪರದೇಶಗಳಿಂದ ತರಿಸುತ್ತದೆ. ದೂರದ ಸಮುದ್ರದಲ್ಲಿ ಯುದ್ಧವಾದರೆ ಹುನಗುಂದದ ಟ್ರ್ಯಾಕ್ಟರಿನ ಬಾಡಿಗೆಯೂ ಇಳಕಲ್ಲಿನ ಕಲ್ಲುಗಣಿಯ ವೆಚ್ಚವೂ ಏರುವದು ಇದರಿಂದಲೇ. ಇಂಥ ಆಪತ್ಕಾಲಕ್ಕೆಂದು ಸರಕಾರವು ನಮ್ಮ ಕರಾವಳಿಯ ಮಂಗಳೂರಿನಲ್ಲಿ 15 ಲಕ್ಷ ಟನ್ನು, ಪಾದೂರಿನಲ್ಲಿ 25 ಲಕ್ಷ ಟನ್ನು ತೈಲ ಹಿಡಿಯುವ ಗುಹೆಗಳನ್ನು ಬಂಡೆಯಲ್ಲಿ ಕೊರೆಯಿಸಿದೆ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ನೀತಿಯೇ ಇದು. ಆದರೆ ಹಗೇವಿನ ಜೋಳವನ್ನು ಮತ್ತೆ ಬೆಳೆಯಬಹುದು, ತೈಲವನ್ನು ಬೆಳೆಯಲಾಗದು. ಆದ್ದರಿಂದ ಸೂರ್ಯ, ಗಾಳಿ, ನೀರುಗಳಿಂದ ಶಕ್ತಿಯನ್ನು ಪಡೆಯಲು ರಾಜದ್ರವ್ಯವನ್ನು ವಿನಿಯೋಗಿಸುವದು ಸರಿಯಾದದ್ದೇ ಎಂದು ನಾನು ನಿಸ್ಸಂದೇಹವಾಗಿ ಹೇಳುವೆನು.

ಆ ವಿನಿಯೋಗದ ಚರಿತ್ರೆಯನ್ನು ಮಾತ್ರ ಸ್ವಲ್ಪ ನಿಂತು ನೋಡತಕ್ಕದ್ದಿದೆ. 2010ರಲ್ಲಿ ಕೇಂದ್ರ ಸರಕಾರವು ಕಲ್ಲಿದ್ದಲಿನ ಪ್ರತಿಯೊಂದು ಟನ್ನಿಗೆ 50 ರೂಪಾಯಿಯಂತೆ ಒಂದು ಕರವನ್ನು ವಿಧಿಸಿತು. ಅದರಿಂದ ಶುದ್ಧಶಕ್ತಿಯ ಒಂದು ನಿಧಿಯನ್ನು ಏರ್ಪಡಿಸಿತು. ಹೊಗೆಯಿಂದ ಬಂದ ಹಣವು ಹೊಗೆಯನ್ನು ತಗ್ಗಿಸುವದಕ್ಕೆ ಸಲ್ಲಲಿ ಎಂಬ ವಿಚಾರವು ಎಷ್ಟು ಸುಂದರವಾದದ್ದು! 2016ರ ಹೊತ್ತಿಗೆ ಕರವು 400 ರೂಪಾಯಿಗೆ ಏರಿತು. ಮರುವರ್ಷ ಹೊಸ ತೆರಿಗೆಯ ಪದ್ಧತಿಯು ಬಂದಾಗ ಆ ಕರದ ಹೆಸರನ್ನು ತೆಗೆದು, ಅಷ್ಟೇ ಮೊತ್ತವನ್ನು ರಾಜ್ಯಗಳಿಗಾದ ತೆರಿಗೆಯ ನಷ್ಟವನ್ನು ತುಂಬಿಕೊಡುವದಕ್ಕೆಂದು ವಸೂಲು ಮಾಡತೊಡಗಿದರು. 2025ರ ಸಪ್ಟೆಂಬರದಲ್ಲಿ ಅದೂ ಹೋಗಿ, ಕಲ್ಲಿದ್ದಲಿನ ಮೇಲಿನ ಸಾಮಾನ್ಯ ತೆರಿಗೆಯು ನೂರಕ್ಕೆ 5ರಿಂದ 18ಕ್ಕೆ ಏರಿತು. ರಾಜ್ಯಗಳಿಗೆ ನಷ್ಟ ತುಂಬಿಕೊಟ್ಟದ್ದು ಅನ್ಯಾಯವೆಂದು ನಾನು ಹೇಳಲಾರೆ. ದೀಪದ ಎಣ್ಣೆಗೆ ಬಿಟ್ಟ ಹೊಲದ ಉತ್ಪನ್ನದಿಂದ ಛತ್ರದ ಮಾಡು ಕಟ್ಟಿಸಿದರೆ ಛತ್ರವೂ ಒಳ್ಳೆಯದೇ. ಆದರೆ ದೀಪಕ್ಕೆ ಎಣ್ಣೆಯೆಲ್ಲಿ? ಶಾಸನ ಬರೆಯಿಸಿದವರು ಶಾಪವನ್ನು ಕೂಡಿಸುತ್ತಿದ್ದದ್ದು ಇಂಥ ಸದುದ್ದೇಶದ ಮಾರ್ಪಾಡುಗಳನ್ನೇ ಕಂಡು ಇರಬೇಕು.

ದೇಶದೇಶಗಳ ನಡುವಿನ ದತ್ತಿಯ ಗತಿಯೂ ಇದೇ. ಬಡ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರುಗಳನ್ನು ಒದಗಿಸುವೆವೆಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟವು. ಅವರವರೇ ಇಟ್ಟ ಲೆಕ್ಕದಂತೆ ಆ ಮೊತ್ತವು ತುಂಬಿದ್ದು 2022ರಲ್ಲಿ, ಅದೂ ಬಹುಭಾಗ ಸಾಲದ ರೂಪದಲ್ಲಿ. ಸಾಲವನ್ನು ದತ್ತಿಯೆಂದು ಕರೆಯುವದಕ್ಕೆ ನಾನು ಓದಿದ ಯಾವ ಕೋಶದಲ್ಲಿಯೂ ಆಧಾರವಿಲ್ಲ.

ಈಗ ನಮ್ಮ ಹೊಲಗಳ ಅಂಚಿಗೆ ಬಂದಿರುವ ಮಾತು. ಒಡ್ಡು ಹಾಕಿ ಮಳೆಯ ನೀರನ್ನು ಹಿಡಿದು ಬಿಳಿಜೋಳ, ಕಡಲೆ ಬೆಳೆಯುವ ಹುನಗುಂದದ ಎರೆಭೂಮಿಗೂ ಬಾದಾಮಿಯ ಮಸಾರಿ ಭೂಮಿಗೂ ಬಿಸಿಲಿನ ಕೊರತೆಯಿಲ್ಲ. ಸೌರಫಲಕಗಳಿಗೆ ಭೂಮಿ ಬೇಕೆಂದು ಕೇಳುವವರು ಇಂದಲ್ಲ ನಾಳೆ ಬರುವರು. ಅವರನ್ನು ಬಾಗಿಲಿನಿಂದ ಓಡಿಸಬೇಕೆಂದು ನಾನು ಹೇಳುವದಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಏನಾಯಿತೆಂಬದನ್ನು ತಿಳಿದು ಮಾತಾಡಬೇಕು. ಅಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವನ್ನು ಸ್ಥಾಪಿಸಿದ್ದಾರೆ. ಭೂಮಿಯನ್ನು ಕೊಳ್ಳಲಿಲ್ಲ, ಕಸಿಯಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಸುವ ಕರಾರಿನ ಮೇಲೆ ಗುತ್ತಿಗೆ ಹಿಡಿದರು. ಭೂಮಿಯ ಒಡೆತನವು ರೈತನಲ್ಲಿಯೇ ಉಳಿಯಿತು. ಆಲಮಟ್ಟಿಯಲ್ಲಿ ಮುಳುಗಿದ ಹೊಲವು ಮರಳಿ ಬಾರದು, ಗುತ್ತಿಗೆಯ ಹೊಲವು ಬರಬಹುದು. ಇದು ಸಣ್ಣ ಸುಧಾರಣೆಯಲ್ಲ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನನಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಕುರಿ ಮೇಯಿಸುತ್ತಿದ್ದವನಿಗೆ ಬೇಲಿಯು ಅಡ್ಡವಾಯಿತು. ಬಾಗಲಕೋಟೆಯ ಪತ್ರದಲ್ಲಿ ಯಾರ ಹೆಸರು ಬಿಟ್ಟುಹೋಗಿತ್ತೋ ಪಾವಗಡದ ಪತ್ರದಲ್ಲಿಯೂ ಅವರದೇ ಬಿಟ್ಟುಹೋಯಿತು.

ಇದಕ್ಕಿಂತ ನನಗೆ ಹೆಚ್ಚು ಒಪ್ಪಿಗೆಯಾದದ್ದು ರೈತನ ಪಂಪಿಗೇ ಸೂರ್ಯನನ್ನು ಹೂಡುವ ಯೋಜನೆ. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಲ್ಲಿ ಸ್ವತಂತ್ರ ಸೌರಪಂಪಿಗೆ ಕೇಂದ್ರವು ನೂರಕ್ಕೆ 30ರಷ್ಟು ಕೊಡುತ್ತದೆ, ರಾಜ್ಯವು ತನ್ನ ಪಾಲನ್ನು ಕೂಡಿಸುತ್ತದೆ, ಉಳಿದದ್ದು ರೈತನದು. ಹಗಲಿನಲ್ಲಿ ನೀರು ಹಾಯಿಸುವದೆಂದರೆ ಏನೆಂಬದು ಪಟ್ಟಣದವರಿಗೆ ತಿಳಿಯದು. ಕರೆಂಟು ನಡುರಾತ್ರಿಗೆ ಬರುತ್ತದೆಂದು ಕಂದೀಲು ಹಿಡಿದು ಕಬ್ಬಿನಲ್ಲಿ ಹೊಕ್ಕು, ಹಾವಿಗೆ ಹೆದರುತ್ತ ಮಡೆ ತಿರುವಿದವರು ಈ ಸಭೆಯಲ್ಲಿಯೇ ಅನೇಕರಿದ್ದೀರಿ. ಇಂಗಾಲಾಮ್ಲದ ಲೆಕ್ಕವನ್ನು ಬಲ್ಲವರು ಆ ಲೆಕ್ಕವನ್ನು ಹಾಕಲಿ. ಅಂಥ ಮನೆಯ ತಾಯಿಗೆ ರಾತ್ರಿಯ ನಿದ್ದೆಯೇ ದೊಡ್ಡ ಲಾಭ.

ಇಳಕಲ್ಲಿನವರ ಮಾತು ಬೇರೆ. ಕುಣಿ ತೋಡಿ ಹೂಡಿದ ಕೈಮಗ್ಗಕ್ಕೆ ಕಾಲಿನ ಬಲವೇ ಸಾಕು, ವಿದ್ಯುತ್ತಿನ ಹಂಗಿಲ್ಲ. ಟೋಪ ತೆನಿಯ ಸೆರಗನ್ನು ಕೂಡಿಸುವ ಆ ಕೈಗೆ ಹೊಗೆಯಿಲ್ಲದ ಉದ್ಯೋಗವೆಂದು ಯಾವ ನಿಧಿಯೂ ಸಹಾಯ ಮಾಡಿದ್ದನ್ನು ನಾನು ಕಂಡಿಲ್ಲ. 2024ರ ಸೂರ್ಯಘರ ಯೋಜನೆಯಲ್ಲಿ ಮಾಳಿಗೆಯ ಮೇಲಿನ ಫಲಕಗಳಿಗೆ 78,000 ರೂಪಾಯಿಯವರೆಗೆ ಸಹಾಯಧನವುಂಟು. ಸ್ವಂತ ಮಾಳಿಗೆಯುಳ್ಳವನು ಪಡೆದಾನು. ಬಾಡಿಗೆಯ ಮನೆಯಲ್ಲಿ ನೇಯುವವನು ಯಾರ ಮಾಳಿಗೆಯನ್ನು ತೋರಿಸಬೇಕು?

ಆದುದರಿಂದ ರೈತಬಾಂಧವರಲ್ಲಿ ನನ್ನ ಬಿನ್ನಹವಿಷ್ಟೆ. ಗುತ್ತಿಗೆಯ ಪತ್ರವನ್ನು ಹಿಡಿದು ಯಾರಾದರೂ ಬಂದರೆ ಅವಧಿಯೆಷ್ಟು, ಏರಿಕೆಯೆಷ್ಟು, ಅವಧಿ ಮುಗಿದ ಮೇಲೆ ಕಬ್ಬಿಣದ ಕಂಬಗಳನ್ನು ಕಿತ್ತು ನೆಲವನ್ನು ಸಮ ಮಾಡಿಕೊಡುವವರು ಯಾರು, ಹೊಲದ ಕೂಲಿಗೆ ಏನು ಏರ್ಪಾಡು ಎಂಬಿವನ್ನು ಪತ್ರದಲ್ಲಿಯೇ ಬರೆಯಿಸಿರಿ. ಬಾಯಿಮಾತಿಗೆ ಒಪ್ಪಬೇಡಿರಿ. ಪತ್ರವು ಇಂಗ್ಲಿಷಿನಲ್ಲಿದ್ದರೆ ಕನ್ನಡದ ಪ್ರತಿಯನ್ನು ಕೇಳಿರಿ. ಓದಿ ಹೇಳುವವರು ಊರಲ್ಲಿ ದೊರೆಯದಿದ್ದರೆ ಸಹಿ ಹಾಕುವ ಮೊದಲು ನಮ್ಮ ಪಾಠಶಾಲೆಗೆ ತನ್ನಿರಿ. ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ಪಾಠ ಮುಗಿದ ತರುವಾಯ ನಾನು ಅಲ್ಲಿಯೇ ಇರುವೆನು.