ವಿಷದ ಡಬ್ಬಿ ಬೇಡ, ಹಾಳೆ ಸಾಕು
(ಪೆರ್ಲದಲ್ಲಿ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ಸಂಘದ ಸಭೆಯಲ್ಲಿ ಕೂಲಿಯ ಮಾತು, ಬೋನಸ್ಸಿನ ಮಾತು ಆಡುತ್ತೇವೆ. ಇಂದು ಕೋಳಿಗೂಡಿನ ಮಾತು. ನಗಬೇಡಿ. ಮಳೆಗಾಲದಲ್ಲಿ ಕೆಲಸ ಕಡಿಮೆಯಾದಾಗ ನಮ್ಮಲ್ಲಿ ಎಷ್ಟೋ ಮನೆಯವರು ಅಂಗಡಿಯ ಸಾಲ ತೀರಿಸಿದ್ದು ಆಡಿನ ಮರಿ ಮಾರಿಯೇ.

ಮೊದಲು ನಮ್ಮ ತಪ್ಪನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ತೋಟದ ಬದಿಯಲ್ಲಿ ಬಿದ್ದಿದ್ದ ಒಂದು ಪ್ಲಾಸ್ಟಿಕ್ ಕ್ಯಾನನ್ನು ಮನೆಗೆ ತಂದೆವು. ಒಳ್ಳೆಯ ಗಟ್ಟಿ ಕ್ಯಾನು, ದುಡ್ಡಿಲ್ಲದೆ ಸಿಕ್ಕಿತ್ತು. ಬೂದಿ ಹಾಕಿ ಉಜ್ಜಿದೆವು, ಸಾಬೂನು ಹಾಕಿ ಮೂರು ಸಲ ತೊಳೆದೆವು, ಅಡ್ಡಕ್ಕೆ ಕೊಯ್ದು ಕೋಳಿಗಳಿಗೆ ನೀರಿಟ್ಟೆವು. ಮರುದಿನ ಹೇಂಟೆ ಜೊಲ್ಲು ಸುರಿಸುತ್ತಾ ನಡುಗುತ್ತಾ ಬಿದ್ದಿತ್ತು. ಸಂಜೆಯೊಳಗೆ ಏಳು ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಉಳಿದ ಅರ್ಧ ಕ್ಯಾನಿನಲ್ಲಿ ಅಕ್ಕಿ ತುಂಬಿಡೋಣವೆಂದು ಮನೆಯಲ್ಲಿ ಮಾತಾಗಿತ್ತು. ಅದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಪ್ಲಾಸ್ಟಿಕ್ಕು ವಿಷವನ್ನು ಹೀರಿಕೊಳ್ಳುತ್ತದೆ. ತೊಳೆದರೆ ವಾಸನೆ ಹೋದೀತು, ವಿಷ ಹೋಗದು.

ಈ ಊರಿನಲ್ಲಿ ನಿಂತು ಇದನ್ನು ಹೇಳಬೇಕಾಯಿತಲ್ಲ! ಎಣ್ಮಕಜೆ ಪಂಚಾಯತಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ನೇ ಇಸವಿಯವರೆಗೆ. ಮೊದಲು ಸುದ್ದಿ ಕೊಟ್ಟದ್ದು ಹಟ್ಟಿಯ ಮೂಕಪ್ರಾಣಿಗಳು. ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು 1979ರಲ್ಲಿಯೇ ಬರೆದರು. ಸುಪ್ರೀಂ ಕೋರ್ಟು ಆ ವಿಷಕ್ಕೆ ತಡೆ ಹಾಕಿದ್ದು 2011ರಲ್ಲಿ. ಕರುಗಳ ಸುದ್ದಿ ದಿಲ್ಲಿಗೆ ಮುಟ್ಟಲು 32 ವರ್ಷ ಹಿಡಿಯಿತು.

ಓದು ಬಾರದವರೂ ಒಂದು ಗುರುತು ತಿಳಿದಿರಿ. ಕೀಟನಾಶಕದ ಡಬ್ಬಿಯ ಮೇಲೆ ಮೂಲೆಯಲ್ಲಿ ನಿಲ್ಲಿಸಿದ ಚೌಕವಿರುತ್ತದೆ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೂ ವಿಷವೇ. ಖಾಲಿ ಡಬ್ಬಿಯನ್ನು ಒಡೆದು ಮನೆಗಳಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಅದನ್ನು ಮಾಡಿಸುವ ಹೊಣೆ ಮದ್ದು ಹೊಡೆಸುವವರದ್ದು, ನಾವು ಕೇಳಬೇಕು. ಮೈಲುತುತ್ತು ಕಲಸಿದ ಡ್ರಮ್ಮೂ ಹಟ್ಟಿಗೆ ಬೇಡ.

ಹಾಗಾದರೆ ಏನು ಮಾಡುವುದು? ಮುಟ್ಟಾಳೆ ಕಟ್ಟುವ ಕೈಗೆ ಇದು ದೊಡ್ಡ ಕೆಲಸವೇ? ಅಡಿಕೆ ಹಾಳೆಯನ್ನು ನೆನೆಸಿ ಎರಡೂ ತುದಿ ಮಡಚಿ ಬಿದಿರು ಕಡ್ಡಿ ಚುಚ್ಚಿದರೆ ತೌಡಿನ ತೊಟ್ಟಿಯಾಯಿತು. ನೀರಿಗೆ ಬಿದಿರು ಒಳ್ಳೆಯದು: ಗೆಣ್ಣಿನಿಂದ ಗೆಣ್ಣಿಗೆ ಕಡಿದು ಉದ್ದಕ್ಕೆ ಸೀಳಿದರೆ ತುದಿಗಳು ತಾವೇ ಮುಚ್ಚಿರುತ್ತವೆ. ಮೇಲೊಂದು ಕೋಲು ಅಡ್ಡ ಕಟ್ಟಿ, ಕೋಳಿ ಒಳಗಿಳಿದು ಹಿಕ್ಕೆ ಹಾಕದು. ಮರಿಗಳಿಗೆ ಹಾಲುಪುಡಿಯ ಡಬ್ಬಿ ಸಾಕು. ಬಾಯಿಯ ಅಂಚಿನಿಂದ ಅರ್ಧ ಇಂಚಿನಲ್ಲಿ ಒಂದು ತೂತು ಮಾಡಿ, ನೀರು ತುಂಬಿ, ತಟ್ಟೆ ಮುಚ್ಚಿ ಬೋರಲು ಹಾಕಿ. ತಟ್ಟೆಯ ಅಂಚು ತೂತಿಗಿಂತ ಎತ್ತರವಿರಲಿ. ಮರಿ ಕುಡಿದಷ್ಟೇ ನೀರು ಇಳಿಯುತ್ತದೆ, ಮೈ ನೆನೆಯದು.

ಆಡಿಗೆ ನಮ್ಮ ಮಳೆಗಾಲವೇ ಶತ್ರು. ಕೆಸರಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ಸೊಂಟದೆತ್ತರಕ್ಕೆ ಅಟ್ಟ ಕಟ್ಟಿ, ಸೀಳಿದ ಅಡಿಕೆ ಮರ ಹಾಸಿ. ಸಂದು ಕಿರುಬೆರಳು ಹೋಗುವಷ್ಟಿರಲಿ: ಹಿಕ್ಕೆ ಕೆಳಗೆ ಬೀಳಬೇಕು, ಮರಿಯ ಕಾಲು ಸಿಕ್ಕಬಾರದು. ಹಲಸಿನ ಸೊಪ್ಪನ್ನು ನೆಲಕ್ಕೆ ಹಾಕಬೇಡಿ, ಕತ್ತಿನ ಎತ್ತರಕ್ಕೆ ಕಟ್ಟಿ ತೂಗಿಸಿ. ತುಳಿದ ಸೊಪ್ಪನ್ನು ಆಡು ಮೂಸಿಯೂ ನೋಡದು. (ಮನುಷ್ಯರಿಗಿಂತ ಅದಕ್ಕೇ ಸ್ವಚ್ಛತೆ ಹೆಚ್ಚು!)

ಕೊಕ್ಕರೆ ರೋಗಕ್ಕೆ ಮಾತ್ರ ಯಾವ ಗೂಡೂ ತಡೆಯಲ್ಲ, ಮೃಗಾಸ್ಪತ್ರೆಯ ಲಸಿಕೆಯೇ ಬೇಕು.

ಬರುವ ಆದಿತ್ಯವಾರ ಕೂಟ ಮುಗಿದ ಮೇಲೆ ಇಲ್ಲಿಯೇ ಒಂದು ಅಟ್ಟ ಕಟ್ಟೋಣ. ಹಾಳೆ, ಬಿದಿರು ಇದ್ದವರು ತನ್ನಿ. ಕತ್ತಿ ನಾವು ತರುತ್ತೇವೆ. ಮನೆಯಲ್ಲಿ ಅಂಥ ಕ್ಯಾನು ಇದ್ದರೆ ತೊಳೆಯಲು ಹೋಗಬೇಡಿ. ಮಕ್ಕಳ ಕೈಗೆ ಸಿಗದಂತೆ ಹೊರಗಿಟ್ಟು ನಮಗೆ ತಿಳಿಸಿ.